ಮದ್ದು, ಮಾತು ಮತ್ತು ನಮ್ಮ ಗುಡ್ಡ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಅನುಭವಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕಟ್ಟಡ ಎದ್ದು ನಿಂತ ಬಗೆ, ಮೊದಲ ತಂಡದ ಮಕ್ಕಳು, ಅಗಲಿದ ಸಹೋದ್ಯೋಗಿಗಳು, ಇಷ್ಟನ್ನು ಬರೆದರೆ ಸಾಕೆಂದು ಎಣಿಸಿದ್ದೆ. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಮಾಡಿದ್ದಾರೆ. ಆದುದರಿಂದ ನಾನು ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇನೆ. 1975ರಿಂದ ಈಚೆಗಿನ ಐವತ್ತು ವರ್ಷಗಳಲ್ಲಿ ನಮ್ಮ ಈ ಗುಡ್ಡಗಾಡಿಗೆ ಸುದ್ದಿ ಬರುವ ದಾರಿ ಹೇಗೆ ಬದಲಾಯಿತು, ಹಾಗೆ ಬಂದ ಸುದ್ದಿ ನಮ್ಮ ನೆಲಜಲಗಳನ್ನು ಏನು ಮಾಡಿತು ಎಂಬುದೇ ಆ ವಿಷಯ. ಸುದ್ದಿಗೂ ಮಣ್ಣಿಗೂ ಏನು ಸಂಬಂಧವೆಂದು ಕೇಳುವವರು ಇರಬಹುದು. ಕಾಸರಗೋಡಿನ ಪೂರ್ವದ ಅಂಚಿನಲ್ಲಿ ಬಾಳಿದವರು ಹಾಗೆ ಕೇಳಲಾರರು.

ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅಧ್ಯಾಪಕ ತರಬೇತಿ ಪಡೆದು ನಾನು ಇಲ್ಲಿ ಸೇವೆಗೆ ಸೇರಿದ್ದು ಶಾಲೆ ಆರಂಭವಾದ ವರ್ಷವೇ. ಕಾಸರಗೋಡು ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕಣ್ಣೂರು ಜಿಲ್ಲೆಯ ಒಂದು ತಾಲೂಕು. ದಿನಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಮಳೆಗಾಲದಲ್ಲಿ ತೋಡು ಹೊಳೆಗಳು ಉಕ್ಕಿದರೆ ಎರಡು ದಿನಗಳದು ಒಟ್ಟಿಗೆ ಬರುವುದೂ ಇತ್ತು. ಶಾಲೆಯಲ್ಲಿ ಒಂದು ರೇಡಿಯೊ ಇತ್ತು. 1976ರಲ್ಲಿ ಮಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ, ಸಂಜೆಯ ಕೃಷಿ ಕಾರ್ಯಕ್ರಮ ಕೇಳಲು ಊರಿನ ಹತ್ತಾರು ಮಂದಿ ಶಾಲೆಯ ಜಗಲಿಗೆ ಬರುತ್ತಿದ್ದರು. ಯಾವ ಬೀಜ, ಎಷ್ಟು ಗೊಬ್ಬರ, ಯಾವ ಹುಳಕ್ಕೆ ಯಾವ ಮದ್ದು ಎಂದು ಅದು ಹೇಳುತ್ತಿತ್ತು. ಜನ ಕೇಳಿ ಮನೆಗೆ ಹೋಗಿ ಹಾಗೆಯೇ ಮಾಡುತ್ತಿದ್ದರು.

ರೇಡಿಯೊದ ಮಾತು ಗದ್ದೆಯ ರೂಪವನ್ನೇ ಬದಲಿಸಬಲ್ಲುದೆಂಬುದಕ್ಕೆ ನಮಗಿಂತ ಹಿಂದಿನ ನಿದರ್ಶನವೊಂದು ತಂಜಾವೂರಿನದು. 1960ರ ದಶಕದಲ್ಲಿ ಅಲ್ಲಿ ಪ್ರಚಾರಕ್ಕೆ ಬಂದ ಎ.ಡಿ.ಟಿ. 27 ಎಂಬ ಭತ್ತದ ತಳಿಯನ್ನು ರೈತರು ರೇಡಿಯೊ ಭತ್ತವೆಂದೇ ಕರೆದರು. ನಮ್ಮ ಬೈಲುಗಳಿಗೆ ಐ.ಆರ್. 8, ಜಯ ಮುಂತಾದವು ಬಂದವು; ರಾಜಕಯಮೆ, ಅತಿಕರಾಯ, ಗಂಧಸಾಲೆಗಳು ಹಿಂದೆ ಸರಿದವು. ಇದರಲ್ಲಿ ಆಕಾಶವಾಣಿಯವರದು ಕೇಡಿನ ಬುದ್ಧಿಯೆಂದು ನಾನು ಹೇಳುವುದಿಲ್ಲ. ಅಕ್ಕಿಗೆ ಸರದಿ ನಿಲ್ಲುತ್ತಿದ್ದ ಕಾಲವದು. ಆದರೆ ಆ ಪೆಟ್ಟಿಗೆಗೆ ಬಾಯಿ ಇತ್ತು, ಕಿವಿ ಇರಲಿಲ್ಲ. ಗದ್ದೆಯ ಏಡಿ, ಮೀನು, ಕಪ್ಪೆಗಳು ಕಡಮೆಯಾದುವೆಂದು ಜಗಲಿಯಲ್ಲಿ ಕುಳಿತವರು ತಮ್ಮತಮ್ಮೊಳಗೆ ಆಡಿಕೊಂಡ ಮಾತು ಮಂಗಳೂರಿಗೆ ತಲಪುವ ದಾರಿ ಯಾವುದೂ ಇರಲಿಲ್ಲ.

ಇಲ್ಲಿ ‘ಮದ್ದು’ ಎಂಬ ಶಬ್ದದ ಕುರಿತು ಒಂದು ಮಾತು ಹೇಳಬೇಕು. ಜ್ವರಕ್ಕೆ ಕುಡಿಯುವ ಕಷಾಯವೂ ನಮಗೆ ಮದ್ದು, ಅಡಿಕೆಯ ಕೊಳೆರೋಗಕ್ಕೆ ಬಿಡುವ ಮೈಲುತುತ್ತದ ದ್ರಾವಣವೂ ಮದ್ದು, ಹುಳವನ್ನು ಕೊಲ್ಲುವ ವಿಷವೂ ಮದ್ದು. ಗುಣಪಡಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿದ್ದ ಊರಿನಲ್ಲಿ, ಆಕಾಶದಿಂದ ಮದ್ದು ಬಿಡುತ್ತಾರೆಂದಾಗ ಯಾರೂ ಬೆಚ್ಚಲಿಲ್ಲ.

1970ರ ದಶಕದ ಉತ್ತರಾರ್ಧದಲ್ಲಿ ಗುಡ್ಡದ ಮೇಲಿನ ಸರಕಾರಿ ಒಡೆತನದ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸತೊಡಗಿದರು. ಗೇರಿನ ಚಿಗುರಿನ, ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ಕೀಟದ ನಿಯಂತ್ರಣ ಅದರ ಉದ್ದೇಶ. ವರ್ಷಕ್ಕೆ ಎರಡು ಮೂರು ಸಲದಂತೆ 2000ದ ಕೊನೆಯವರೆಗೆ, ಇಪ್ಪತ್ತಕ್ಕೂ ಮೇಲ್ಪಟ್ಟು ವರ್ಷ ಇದು ನಡೆಯಿತು. ಸಿಂಪಡಣೆಯ ಮುಂಚೆ ಜೀಪಿನಲ್ಲಿ ಧ್ವನಿವರ್ಧಕ ಕಟ್ಟಿ ಸಾರಿಕೊಂಡು ಹೋಗುತ್ತಿದ್ದುದುಂಟು: ಬಾವಿಗಳನ್ನು ಮುಚ್ಚಿರಿ, ದನಗಳನ್ನು ಮೇಯಲು ಬಿಡಬೇಡಿರಿ. ಆ ಸಾರಿಕೆ ಮಲಯಾಳದಲ್ಲಿತ್ತು. ಮನೆಯಲ್ಲಿ ತುಳು, ಹವ್ಯಕ, ಮರಾಟಿ ಆಡುವ, ಶಾಲೆಯಲ್ಲಿ ಕನ್ನಡ ಕಲಿತ ಜನ ಅರ್ಧ ಅರ್ಥಮಾಡಿಕೊಂಡು ಉಳಿದರ್ಧವನ್ನು ಊಹಿಸಿಕೊಂಡರು. ಪೂರ್ತಿ ಅರ್ಥವಾದವರಿಗಾದರೂ ಮಾಡಲು ಸಾಧ್ಯವಿದ್ದುದೇನು? ನಮ್ಮಲ್ಲಿ ಬಾವಿಗಿಂತ ಸುರಂಗಗಳೇ ಹೆಚ್ಚು. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಒಬ್ಬ ಮನುಷ್ಯ ಕೊರೆದುಕೊಂಡು ಹೋಗಿ, ಒಳಗೆ ಒಸರುವ ನೀರನ್ನು ದಂಬೆಯಲ್ಲಿ ಅಂಗಳದ ತೊಟ್ಟಿಗೆ ಇಳಿಸಿಕೊಳ್ಳುವ ಆ ಸುರಂಗಕ್ಕೆ ಮುಚ್ಚಳವೆಲ್ಲಿಯದು? ನೀರು ಇಂಗುವ ನೆತ್ತಿಯ ಮೇಲೆಯೇ ಗೇರುತೋಟವಿತ್ತು. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಮಕ್ಕಳು ಸ್ಲೇಟು ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ವಿಮಾನವನ್ನು ಪಾಠಪುಸ್ತಕದ ಚಿತ್ರದಲ್ಲಲ್ಲದೆ ಕಂಡವರಲ್ಲ ಅವರು.

ಅಧ್ಯಾಪಕನಾದವನಿಗೆ ಊರಿನ ಆರೋಗ್ಯ ಮೊದಲು ತಿಳಿಯುವುದು ಹಾಜರಿ ಪುಸ್ತಕದಲ್ಲಿ. ಎಂಬತ್ತರ ದಶಕದಲ್ಲಿ ಶಾಲೆಗೆ ಸೇರಿಸಲು ತಂದ ಮಕ್ಕಳಲ್ಲಿ ಕೆಲವರು ಬೆಂಚಿನ ಮೇಲೆ ನೆಟ್ಟಗೆ ಕುಳಿತುಕೊಳ್ಳಲಾರದವರಾಗಿದ್ದರು. ಐದನೆಯ ತರಗತಿಯ ಒಬ್ಬ ಹುಡುಗ ವಾರಕ್ಕೆ ಎರಡು ದಿನವಷ್ಟೇ ಬರುತ್ತಿದ್ದ. ತಂದೆತಾಯಿ ಕೂಲಿಗೆ ಹೋದರೆ ಮನೆಯಲ್ಲಿ ಮಲಗಿದಲ್ಲಿಯೇ ಇರುವ ತಂಗಿಗೆ ಗಂಜಿ ಕುಡಿಸುವವನು ಅವನೇ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಜೊತೆ ಓದಿದವರಿಗೆ ಬರೆಯದೆಯೂ ತಿಳಿಯುತ್ತದೆ. ದೈವದ ಮುನಿಸೆಂದು ಹರಕೆ ಹೊತ್ತವರಿದ್ದರು. ರಕ್ತಸಂಬಂಧದಲ್ಲಿ ಮದುವೆಯಾದ ಫಲವೆಂದು ಹೇಳಿದ ಪಟ್ಟಣದ ವಿದ್ಯಾವಂತರೂ ಇದ್ದರು. ಸಂಬಂಧದಲ್ಲಿ ಮದುವೆಯಾಗದವರ ಮನೆಗಳಲ್ಲಿ ಹೀಗೇಕೆಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದವರು ಹತ್ತಿರದಲ್ಲಿಯೇ ಇದ್ದರು. ಪಡ್ರೆಯಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಕಂಡು, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೇ ಗೇರುತೋಟದ ಸಿಂಪಡಣೆಯತ್ತ ಬೆರಳು ತೋರಿಸಿ ಬರೆದವರು ಪತ್ರಕರ್ತ ಶ್ರೀ ಪಡ್ರೆಯವರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರಮಂಡಲದ ಕಾಯಿಲೆ, ಅರ್ಬುದ, ಹುಟ್ಟು ವೈಕಲ್ಯಗಳು ಒಂದೇ ಪ್ರದೇಶದಲ್ಲಿ ಒತ್ತಾಗಿರುವುದನ್ನು ಗಮನಿಸಿ, ಬರೆದು, ತಿಳಿಯಪಡಿಸುತ್ತ ಬಂದರು. 1988ರಲ್ಲಿ ಪುತ್ತೂರಿನಿಂದ ಅಡಿಕೆ ಪತ್ರಿಕೆ ಹೊರಡತೊಡಗಿದ ಮೇಲೆ ಕೃಷಿಕರೇ ಲೇಖನಿ ಹಿಡಿಯುವುದೊಂದು ರೂಢಿಯಾಯಿತು. ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ವಿಮಾನ ಸಿಂಪಡಣೆಗೆ ತಡೆ ತಂದರು. ಇವರಾರೂ ದೂರದಿಂದ ಬಂದವರಲ್ಲ. ಅದೇ ಗಾಳಿ ಉಸಿರಾಡಿ, ಅದೇ ನೀರು ಕುಡಿದು, ಕಂಡದ್ದನ್ನು ಕಂಡಲ್ಲಿ ಬರೆದವರು.

ಈ ಕಾಲದಲ್ಲಿ ನಮ್ಮ ಶಾಲೆಯೂ ಒಂದು ಬಗೆಯ ಪತ್ರಿಕಾಲಯವೇ ಆಗಿತ್ತು. ಸಂಜೆ ನಾಲ್ಕು ಗಂಟೆಯ ಮೇಲೆ ಊರವರು ಅರ್ಜಿ ಬರೆಸಲು ಬರುತ್ತಿದ್ದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಸಹೋದ್ಯೋಗಿಯೊಬ್ಬರು ಅದನ್ನು ಮಲಯಾಳಕ್ಕೆ ತಿರುಗಿಸುತ್ತಿದ್ದರು. ಒಮ್ಮೆ ಕನ್ನಡದ್ದನ್ನಷ್ಟೇ ಕಳುಹಿಸಿದಾಗ, ಓದಲು ಬಾರದೆಂಬ ಟಿಪ್ಪಣಿಯೊಡನೆ ಒಂದು ಕಚೇರಿಯಿಂದ ಅದು ಹಿಂದಕ್ಕೆ ಬಂತು. ಸಂವಿಧಾನದ 350ನೆಯ ವಿಧಿಯಂತೆ, ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಪ್ರಜೆ ತನ್ನ ಸಂಕಟವನ್ನು ಅರಿಕೆಮಾಡಿಕೊಳ್ಳಬಹುದೆಂದು ಕೆಳಗೆ ಬರೆದು ಅದೇ ಅರ್ಜಿಯನ್ನು ಮತ್ತೆ ಕಳುಹಿಸಿದೆವು. ಈ ಸಲ ಹಿಂದಕ್ಕೆ ಬರಲಿಲ್ಲ, ಉತ್ತರವೂ ಬರಲಿಲ್ಲ. ಕನ್ನಡ ಶಾಲೆ ಉಳಿಯಬೇಕೆಂದು ನಾವು ಹೋರಾಡುವಾಗ ಸಂಸ್ಕೃತಿ, ಪರಂಪರೆ ಎಂದು ದೊಡ್ಡ ಶಬ್ದಗಳನ್ನು ಬಳಸುತ್ತೇವೆ. ನನ್ನ ಮಟ್ಟಿಗೆ, ತನ್ನ ಸುರಂಗದ ನೀರಿಗೆ ಏನಾಗಿದೆಯೆಂದು ತನ್ನ ಮಾತಿನಲ್ಲಿ ಬರೆಯಬಲ್ಲವನೊಬ್ಬ ಪ್ರತಿ ಮನೆಯಲ್ಲಿರಬೇಕೆಂಬುದೇ ಸಾಕಷ್ಟು ದೊಡ್ಡ ಕಾರಣ.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಇಲ್ಲಿಯ ನೀರು, ಮಣ್ಣು, ಮನುಷ್ಯರ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನಿನ ಅಂಶವನ್ನು ತೋರಿಸಿಕೊಟ್ಟಿತು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆಯಿಲ್ಲದ ಪ್ರದೇಶದ ಮಕ್ಕಳೊಂದಿಗೆ ಹೋಲಿಸಿ ಅಧ್ಯಯನ ಮಾಡಿದರು. 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಡನೆ ಹೋಲಿಸಿ, ಇಲ್ಲಿಯವರ ಪ್ರಾಯದ ಬೆಳವಣಿಗೆ ನಿಧಾನವಾಗಿದೆಯೆಂದು 2003ರಲ್ಲಿ ಪ್ರಕಟಿಸಿದರು. ಅಲ್ಲಗಳೆಯುವ ವರದಿಗಳೂ ಬಂದವು. ಯಾವ ಕಾಯಿಲೆಗೆ ಎಷ್ಟರಮಟ್ಟಿಗೆ ಇದೊಂದೇ ಕಾರಣವೆಂಬ ವಾದ ಇಂದಿಗೂ ಮುಗಿದಿಲ್ಲ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ತಡೆಹಿಡಿಯಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂಬ ಆಜ್ಞೆಯಾದದ್ದು 2017ರ ಜನವರಿಯಲ್ಲಿ. ಕರುವನ್ನು ಕಂಡು ಬರೆದ ಮಾತು ಅಲ್ಲಿಗೆ ಮುಟ್ಟಲು ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತೆಂಬುದನ್ನು ಹೊಸ ತಲೆಮಾರಿನವರು ತಿಳಿದಿರಬೇಕು.

ನಡುವಿನ ವರ್ಷಗಳಲ್ಲಿ ಛಾಯಾಚಿತ್ರಕಾರರೂ ದೂರದರ್ಶನದವರೂ ಬಂದರು. ಮಾತೃಭೂಮಿಯ ಮಧುರಾಜರು ತೆಗೆದ ಚಿತ್ರಗಳು ಕೇರಳದ ಮನೆಮನೆಗಳನ್ನು ಕಲಕಿದವು. ಅಂಬಿಕಾಸುತನ್ ಮಾಙಾಡರು ‘ಎಣ್ಮಕಜೆ’ ಎಂಬ ನಮ್ಮ ಪಂಚಾಯತಿನ ಹೆಸರಿನಲ್ಲಿಯೇ ಮಲಯಾಳದ ಕಾದಂಬರಿ ಬರೆದರು. ಇದರ ಉಪಕಾರ ಸಣ್ಣದಲ್ಲ. ಆದರೆ ಕೆಲವು ಮನೆಗಳಿಗೆ ಕ್ಯಾಮರಾ ಎಷ್ಟು ಸಲ ಬಂತೆಂದರೆ, ವಾಹನದ ಸದ್ದು ಕೇಳಿದೊಡನೆ ತಾಯಿಯೇ ಮಗುವನ್ನೆತ್ತಿ ಬೆಳಕಿರುವ ಜಗಲಿಗೆ ತಂದು ಕೂರಿಸುವಂತಾಯಿತು. ಅಂಥ ತಾಯಿಯೊಬ್ಬಳು ನನ್ನನ್ನು ಕೇಳಿದಳು: “ಮಾಸ್ಟ್ರೇ, ಇವರು ಯಾವ ಪೇಪರಿನವರು? ನಮಗೆ ಓದಲಿಕ್ಕೆ ಬರುವ ಪೇಪರಾ?” ಅವರು ಇಂಗ್ಲಿಷಿನವರಾಗಿದ್ದರು. ಅವಳ ಮಗುವಿನ ಚಿತ್ರದ ಕೆಳಗೆ ಏನು ಬರೆದಿದೆಯೆಂದು ಅವಳಿಗೆ ಓದಿಹೇಳಲು ಆ ಪತ್ರಿಕೆ ನಮ್ಮ ಊರಿಗೆ ಬರುತ್ತಲೇ ಇರಲಿಲ್ಲ.

ನಾನು ನಿವೃತ್ತನಾದದ್ದು 2006ರಲ್ಲಿ. ಆಗ ಊರಿನಲ್ಲಿ ಮೊಬೈಲ್ ಸಿಗ್ನಲ್ ಬೇಕಿದ್ದರೆ ಶಾಲೆಯ ಹಿಂದಿನ ಪಾದೆಯ ಮೇಲೆ ಹತ್ತಬೇಕಿತ್ತು. ಈಗ ಅದೇ ಪಾದೆಯ ಬಳಿ ಗೋಪುರ ನಿಂತಿದೆ. ಎಲ್ಲರ ಅಂಗಿಯ ಕಿಸೆಯಲ್ಲಿ ರೇಡಿಯೊ, ಪತ್ರಿಕೆ, ಕ್ಯಾಮರಾ, ಅಂಚೆಪೆಟ್ಟಿಗೆ ಎಲ್ಲವೂ ಒಂದಾಗಿ ಕುಳಿತಿವೆ. ಬಾಯಿಯ ಜೊತೆಗೆ ಕಿವಿಯೂ ಬಂತೆಂದು ನಾನು ಸಂತೋಷಪಟ್ಟವನೇ. ಅಂದು ಇದು ಇದ್ದಿದ್ದರೆ ಮೂವತ್ತು ವರ್ಷ ಕಾಯಬೇಕಿತ್ತೇ ಎಂದು ಅನೇಕರು ಕೇಳುತ್ತಾರೆ. ಇದಕ್ಕೆ ಹೌದೆಂದೂ ಅಲ್ಲವೆಂದೂ ಒಮ್ಮೆಗೇ ಹೇಳಲು ನನಗೆ ಬಾಯಿ ಬಾರದು.

ಒಂದು ಉದಾಹರಣೆ. 2003ರ ಸುಮಾರಿಗೆ ವೆನಿಲ್ಲಾದ ಹಸಿಕೋಡಿಗೆ ಕಿಲೋ ಒಂದಕ್ಕೆ ಸಾವಿರಗಳ ಲೆಕ್ಕದಲ್ಲಿ ಬೆಲೆ ಬಂದುದು ಪತ್ರಿಕೆಗಳಲ್ಲಿ ಕಂಡೊಡನೆ ತೋಟ ತೋಟಗಳಲ್ಲಿ ಆ ಬಳ್ಳಿ ಹಬ್ಬಿತು. ಮರುವರ್ಷಗಳಲ್ಲಿ ಬೆಲೆ ಬಿದ್ದಾಗ ಕಿತ್ತೆಸೆದರು. ಅಂದಿನ ಹುಚ್ಚು ಹಬ್ಬಲು ಒಂದೆರಡು ವರ್ಷವಾದರೂ ಹಿಡಿದಿತ್ತು. ಇಂದು ಯೂಟ್ಯೂಬಿನಲ್ಲಿ ಒಬ್ಬರು ಹಣ್ಣಿನ ಬುಟ್ಟಿ ಹಿಡಿದು ನಗುವುದು ಕಂಡರೆ, ಬರುವ ಮಳೆಗಾಲಕ್ಕೇ ಗುಡ್ಡಕ್ಕೆ ಜೆಸಿಬಿ ಏರುತ್ತದೆ. ಮುರಕಲ್ಲಿನ ಮೇಲಿನ ಹುಲ್ಲುಪದರ ಒಮ್ಮೆ ಕೆರೆದುಹೋದರೆ ಕೆಳಗಿನ ಸುರಂಗಕ್ಕೆ ನೀರು ಇಳಿಯುವ ಬಗೆ ತಪ್ಪುತ್ತದೆ. ವಿಡಿಯೋ ಮಾಡಿದವರ ಊರಿನಲ್ಲಿ ಸುರಂಗವಿಲ್ಲ. ಆ ಮಾತು ಅದರಲ್ಲಿ ಬರುವುದಾದರೂ ಹೇಗೆ?

ಅಡಿಕೆಯ ಎಲೆಚುಕ್ಕಿ ರೋಗದ ವಿಷಯವೂ ಹಾಗೆಯೇ. ಯಾವುದೋ ಊರಿನ ಯಾರೋ ಬಳಸಿದ ಶಿಲೀಂಧ್ರನಾಶಕದ ಹೆಸರು, ಪ್ರಮಾಣ ವಾಟ್ಸಪ್ಪಿನಲ್ಲಿ ಬರುತ್ತದೆ. ನೂರು ಲೀಟರಿಗೆ ಇಷ್ಟು ಎಂದಿದ್ದುದು ಕೈಯಿಂದ ಕೈಗೆ ಬರುತ್ತ ಹತ್ತು ಲೀಟರಿಗೆ ಇಷ್ಟು ಎಂದಾದುದನ್ನು ನಾನೇ ಓದಿದ್ದೇನೆ. ಪತ್ರಲೇಖನದ ಪಾಠದಲ್ಲಿ ಬಲಗಡೆ ಮೇಲ್ತುದಿಯಲ್ಲಿ ಸ್ಥಳ, ದಿನಾಂಕ ಬರೆಯದವರಿಗೆ ನಾನು ಒಂದು ಅಂಕ ಕಳೆಯುತ್ತಿದ್ದುದು ನಿಮಗೆ ನೆನಪಿರಬಹುದು. ಒಂದು ಅಂಕಕ್ಕಾಗಿ ನನ್ನ ಮೇಲೆ ಮುನಿಸಿಕೊಂಡವರೂ ಈ ಸಂಚಿಕೆಯನ್ನು ಓದುತ್ತಿದ್ದಾರೆ! ಈಗ ಬರುವ ಈ ಸಂದೇಶಗಳಿಗೆ ಸ್ಥಳವಿಲ್ಲ, ದಿನಾಂಕವಿಲ್ಲ, ಕೆಳಗೆ ಸಹಿಯಿಲ್ಲ. ಎಂಡೋಸಲ್ಫಾನಿನ ಕಾಲದ ಹಳೆಯ ಚಿತ್ರವೇ ನಿನ್ನೆ ಮೊನ್ನೆಯದೆಂಬಂತೆ ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಅದನ್ನು ಕಂಡು ಮರುಗುವವರು ನೂರಾರು ಮಂದಿ. ಆ ಮಗು ಈಗ ಎಲ್ಲಿದೆ, ಇದೆಯೇ ಎಂದು ಕೇಳುವವರನ್ನು ಕಾಣೆ.

ಈಚೆಗೆ ಅಡಿಕೆತೋಟಗಳಿಗೆ ಡ್ರೋನಿನಿಂದ ಮದ್ದು ಬಿಡುವುದು ಬಂದಿದೆ. ಮೊದಲ ಸಲ ಆ ಸದ್ದು ಕೇಳಿದಾಗ ನಮ್ಮ ಪ್ರಾಯದ ಕೆಲವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡನ್ನೂ ಸಮನಾಗಿ ತೂಗುವುದು ನ್ಯಾಯವಲ್ಲ. ಹೆಲಿಕಾಪ್ಟರು ಇಡೀ ಗುಡ್ಡದ ಮೇಲೆ ಸುರಿಯುತ್ತಿತ್ತು, ಇದು ಮರದ ತಲೆಯ ಸಮೀಪದಿಂದ ಬಿಡುತ್ತದೆ. ಮರ ಹತ್ತಿ ಮದ್ದು ಬಿಡುವವರು ಸಿಗದೆ ತೋಟವೇ ಹಾಳಾಗುವ ಕಾಲದಲ್ಲಿ ಇದು ಅನಿವಾರ್ಯವೂ ಆಗಬಹುದು. ಕೊಳೆರೋಗದ ದ್ರಾವಣವೂ ಎಂಡೋಸಲ್ಫಾನೂ ಒಂದಲ್ಲ. ಡ್ರೋನ್ ಸಿಂಪಡಣೆ ಹೇಗೆ ನಡೆಯಬೇಕೆಂದು 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನಿಯಮಾವಳಿಯನ್ನೂ ಹೊರಡಿಸಿದೆ. ನನ್ನ ಪ್ರಶ್ನೆ ಹಳೆಯದೇ. ಅದು ನಮ್ಮ ಮನೆಗಳಿಗೆ ಯಾವ ಭಾಷೆಯಲ್ಲಿ ಬಂದು ಮುಟ್ಟಿದೆ? ನೆರೆಮನೆಯ ತೊಟ್ಟಿ ತೆರೆದಿದೆಯೇ ಎಂದು ನೋಡುವವರು ಯಾರು?

ಇನ್ನು, ಸುದ್ದಿ ತರುವ ಈ ಯಂತ್ರಗಳ ಭಾರವನ್ನೂ ಮಣ್ಣೇ ಹೊರಬೇಕು. ಹಳೆ ವಿದ್ಯಾರ್ಥಿಗಳು ಪ್ರೀತಿಯಿಂದ ಕೊಟ್ಟ ಮೊದಲ ಕಂಪ್ಯೂಟರುಗಳು ಶಾಲೆಯ ಹಿಂಬದಿಯ ಕೊಠಡಿಯಲ್ಲಿ ಇಂದಿಗೂ ಇವೆ. ಆ ದಪ್ಪ ಮಾನಿಟರುಗಳ ಗಾಜಿನಲ್ಲಿ ಸೀಸವಿದೆ. 2020ರ ಜೂನ್ 1ರಂದು ‘ಫಸ್ಟ್ ಬೆಲ್’ ಆನ್‌ಲೈನ್ ತರಗತಿಗಳು ಆರಂಭವಾದ ಮೇಲೆ ಸಾಲ ಮಾಡಿಯಾದರೂ ಪ್ರತಿ ಮನೆಗೆ ಫೋನು ಬಂತು; ಅವುಗಳಲ್ಲಿ ಅರ್ಧಕ್ಕರ್ಧ ಈಗ ಮಾಡಿನ ಸಂದಿಯಲ್ಲಿವೆ. 2022ರ ಒಂದೇ ವರ್ಷದಲ್ಲಿ ಲೋಕದಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಉಂಟಾಯಿತೆಂದೂ, ಅದರ ಕಾಲುಭಾಗ ಕೂಡ ಕ್ರಮವಾಗಿ ಮರುಬಳಕೆಗೆ ಹೋಗಲಿಲ್ಲವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ನಮ್ಮ ಸಂದೇಶಗಳನ್ನೂ ಚಿತ್ರಗಳನ್ನೂ ಇಟ್ಟುಕೊಳ್ಳುವ ದತ್ತಾಂಶ ಕೇಂದ್ರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಶೇಕಡಾ ಒಂದೂವರೆಯಷ್ಟನ್ನು ಬಳಸಿದವಂತೆ. ನಮ್ಮ ಹಳೆ ವಿದ್ಯಾರ್ಥಿ ಬಳಗದಲ್ಲಿ ಪ್ರತಿದಿನ ಮುಂಜಾನೆ ಹರಿದು ಬರುವ ಗುಲಾಬಿ ಹೂಗಳೂ ಆ ಲೆಕ್ಕದಲ್ಲಿ ಸೇರಿವೆ. ದುಬೈ, ಮುಂಬಯಿ, ಬೆಂಗಳೂರುಗಳಲ್ಲಿರುವ ನನ್ನ ಶಿಷ್ಯರು ಶಾಲೆಗೆ ಯಂತ್ರ ಕೊಡುವುದಿದ್ದರೆ, ಕೆಟ್ಟ ಮೇಲೆ ಅದನ್ನು ಸಾಗಿಸುವ ವ್ಯವಸ್ಥೆಯನ್ನೂ ಜೊತೆಗೇ ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಎಸೆಯಲು ಜಾಗವಿರುವುದು ಸುರಂಗಗಳಿರುವ ಆ ಗುಡ್ಡದಲ್ಲಿಯೇ.

ಇದೇ ಫೋನಿನಿಂದ ಆದ ಒಳ್ಳೆಯ ಕೆಲಸವೊಂದನ್ನು ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ವಯನಾಡಿನಲ್ಲಿ ಹ್ಯೂಮ್ ಕೇಂದ್ರವೆಂಬ ಸಂಸ್ಥೆ ಊರೂರಿನ ಜನರಿಂದ ಮಳೆಯನ್ನು ಅಳೆಯಿಸಿ ಅಂಕಿಗಳನ್ನು ಒಟ್ಟುಗೂಡಿಸುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್ಮಲೆಗಳು ಗುಡ್ಡ ಕುಸಿದು ಕೊಚ್ಚಿಹೋದವಷ್ಟೆ. ಆ ಅಂಕಿಗಳ ಆಧಾರದಿಂದ ಕೇಂದ್ರದವರು ಹಿಂದಿನ ದಿನವೇ ಎಚ್ಚರಿಸಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಎಚ್ಚರಿಕೆ ಕೊಟ್ಟೂ ನೂರಾರು ಜೀವ ಹೋಯಿತೆಂಬ ಸಂಕಟ ಬೇರೆ. ಆದರೆ ಬರೆದು ಕಳುಹಿಸಿದ ಆ ಮಾತುಗಳಿಗೆ ಊರು, ಹೊತ್ತು, ಅಳತೆ ಮೂರೂ ಇದ್ದವು.

ಅದನ್ನು ಓದಿದ ಮೇಲೆ ನಮ್ಮ ಶಾಲೆಯ ಈಗಿನ ಅಧ್ಯಾಪಕಿಯರು ಅಂಗಳದಲ್ಲಿ ಒಂದು ಮಳೆಮಾಪಕ ಇರಿಸಿದ್ದಾರೆ. ಆರು ಮತ್ತು ಏಳನೆಯ ತರಗತಿಯ ಮಕ್ಕಳು ಬೆಳಗ್ಗೆ ಎಂಟೂವರೆಗೆ ಅಳೆದು, ವಾರಕ್ಕೊಮ್ಮೆ ಹತ್ತಿರದ ಮೂರು ಸುರಂಗಗಳ ನೀರು ಒಂದು ಕೊಡ ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ನೋಡಿ, ಪುಸ್ತಕದಲ್ಲಿ ಬರೆದು, ಅದರ ಚಿತ್ರವನ್ನು ಊರಿನ ವಾಟ್ಸಪ್ ಬಳಗಕ್ಕೆ ಹಾಕುತ್ತಾರೆ. ಕನ್ನಡದಲ್ಲಿ ಬರೆಯುತ್ತಾರೆ, ಕೆಳಗೆ ಸಹಿ ಹಾಕುತ್ತಾರೆ. ಮೊನ್ನೆ ಹೋಗಿದ್ದಾಗ ತಿರುವಿ ನೋಡಿದೆ. ಜೋರು ಮಳೆಯ ಒಂದು ದಿನದ ಎದುರು ಹುಡುಗಿಯೊಬ್ಬಳು, ಪಾತ್ರೆ ತುಂಬಿ ಹೊರಚೆಲ್ಲಿದೆ, ಎಷ್ಟೆಂದು ಹೇಳಲಾಗದು ಎಂದು ಬರೆದಿದ್ದಾಳೆ. ಅಂಕಿ ಇಲ್ಲದಿದ್ದರೂ ಆ ಸಾಲಿಗೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಆ ಪುಸ್ತಕದ ಹಾಳೆಗಳು ಮುಗಿಯುತ್ತ ಬಂದಿವೆ; ಸುವರ್ಣ ಮಹೋತ್ಸವ ಸಮಿತಿಯವರು ದಪ್ಪ ರಟ್ಟಿನ ಹೊಸದೊಂದನ್ನು ಜೂನ್ ತಿಂಗಳೊಳಗೆ ಕೊಡಿಸಬೇಕು.